ಹತ್ತೂವರೆಯ ಹದಿನೈದು ನಿಮಿಷ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ರಾಮನಗರ, ಮದ್ದೂರು, ಶ್ರೀರಂಗಪಟ್ಟಣ, ದೊಡ್ಡಬಳ್ಳಾಪುರದವರೆಗೆ ಗಾರ್ಮೆಂಟ್ಸ್ ಕಾರ್ಖಾನೆ ನಡೆಸುತ್ತಿರುವ ಮಾಲೀಕರಿಗೆ, ಅಲ್ಲಿನ ಪ್ರೊಡಕ್ಷನ್ ಮ್ಯಾನೇಜರುಗಳಿಗೆ ಮತ್ತು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರಿಗೆ,



ಬೆಳಗಿನ ಟೀ ಬ್ರೇಕ್ ನಿಮ್ಮಲ್ಲಿ ಕೆಲವರ ಕಾರ್ಖಾನೆಯಲ್ಲಿದೆ, ಕೆಲವರಲ್ಲಿ ಇಲ್ಲ, ಇದ್ದೂ ಇಲ್ಲದಂತಿರುವ ಕಡೆಗಳೂ ಉಂಟು. ಟಾರ್ಗೆಟ್ ಹಿಂದೆ ಬಿದ್ದ ದಿನ, ಶಿಪ್‌ಮೆಂಟ್ ಹತ್ತಿರ ಬಂದ ವಾರ, ಮೊದಲು ಕತ್ತರಿ ಬೀಳುವುದು ಅದಕ್ಕೇ. ನಾನು ನಿಮ್ಮನ್ನು ಕೇಳುತ್ತಿರುವುದು ಇಷ್ಟು: ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ಹದಿನೈದು ನಿಮಿಷ ಇಡೀ ಫ್ಲೋರಿನ ಮೆಷಿನ್ನುಗಳು ನಿಲ್ಲಲಿ. ಟೀ ಜೊತೆಗೆ ಹೊಟ್ಟೆಗೆ ಹಾಕಿಕೊಳ್ಳಲು ಏನಾದರೂ ಕಂಪನಿಯ ಖರ್ಚಿನಲ್ಲೇ ಸಿಗಲಿ. ಆ ಹೊತ್ತಿಗೆ ಸಂಬಳ ಇರಲಿ, ಸಂಜೆ ಅದನ್ನು ವಾಪಸ್ಸು ವಸೂಲಿ ಮಾಡುವುದು ಬೇಡ. ಯಾವ ಸ್ಟೈಲ್ ಓಡುತ್ತಿದ್ದರೂ, ಯಾವ ಬಯರ್ ಬಂದು ಕೂತಿದ್ದರೂ ಇದು ತಪ್ಪದಿರಲಿ. ಇದನ್ನು ನಾನು ದಯೆಯ ಹೆಸರಿನಲ್ಲಿ ಕೇಳುತ್ತಿಲ್ಲ. ಈ ಹದಿನೈದು ನಿಮಿಷ ನಿಮ್ಮದೇ ಲೆಕ್ಕದ ಹಾಳೆಯಲ್ಲಿ ಆಗಲೇ ಬರೆದಿದೆ, ಸೇರಬೇಕಾದವರಿಗೆ ಸೇರುತ್ತಿಲ್ಲ ಎಂಬುದು ನನ್ನ ವಾದ.

ಮೊದಲು ಒಂದು ಬೆಳಗ್ಗೆಯನ್ನು ನೋಡೋಣ. ಲೈನಿನಲ್ಲಿ ಕೂರುವವರಲ್ಲಿ ಬಹುಪಾಲು ಹೆಂಗಸರು. ಒಂಬತ್ತಕ್ಕೆ ಪಂಚ್ ಆಗಬೇಕೆಂದರೆ ಮಾಗಡಿಯದೋ ಕನಕಪುರದ್ದೋ ಹಳ್ಳಿಯಿಂದ ಬರುವವಳು ಏಳಕ್ಕೆಲ್ಲ ವ್ಯಾನು ಹತ್ತಿರಬೇಕು. ಅಷ್ಟರೊಳಗೆ ನೀರು ಹಿಡಿಯಬೇಕು, ಅಡುಗೆ ಮುಗಿಯಬೇಕು, ಮಕ್ಕಳದ್ದು, ಗಂಡನದ್ದು, ತನ್ನದು ಅಂತ ಮೂರು ನಾಲ್ಕು ಡಬ್ಬಿ ತುಂಬಬೇಕು. ಕೂತು ತಿನ್ನುವ ಹೊತ್ತು ಇದರಲ್ಲಿ ಎಲ್ಲಿಂದ ಬರಬೇಕು? ಒಂದು ಲೋಟ ಕಾಫಿ ಕುಡಿದು ಓಡಿ ಬಂದವಳು ಹಿಂದೆ ಊಟ ಮಾಡಿದ್ದು ರಾತ್ರಿ ಒಂಬತ್ತಕ್ಕೆ. ಮಧ್ಯಾಹ್ನದ ಬೆಲ್ಲು ಹನ್ನೆರಡೂವರೆಗೆ ಹೊಡೆಯುತ್ತದೆ ಎಂದಿಟ್ಟುಕೊಂಡರೆ ನಡುವೆ ಹದಿನೈದೂವರೆ ಗಂಟೆ. ಆರೂವರೆಗೆ ಎರಡು ಇಡ್ಲಿ ತಿಂದೇ ಹೊರಟವಳಿಗೂ ಆರು ಗಂಟೆ. ಆ ಹೊತ್ತಿನಲ್ಲಿ ಅವಳು ಮಾಡುವ ಕೆಲಸ ಎಂಥದ್ದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಂಗಿಯ ಕಾಲರ್ ಕೂಡಿಸುವ ಆಪರೇಟರ್‌ನ ಬಲಗಾಲು ಪೆಡಲ್ ಮೇಲೆ, ಎರಡೂ ಕೈಬೆರಳುಗಳು ಸೂಜಿಯಿಂದ ಎರಡು ಬೆರಳಗಲ ದೂರದಲ್ಲಿ, ಕಣ್ಣು ಬಟ್ಟೆಯ ಅಂಚಿನಲ್ಲಿ. ಹೊಲಿಗೆ ಒಂದೆರಡು ಮಿಲಿಮೀಟರ್ ಆಚೆ ಸರಿದರೆ ಚೆಕ್ಕಿಂಗ್ ಟೇಬಲ್ಲಿನಿಂದ ಪೀಸು ಆಲ್ಟರ್ ಆಗಿ ಹಿಂದಕ್ಕೆ ಬರುತ್ತದೆ. ಪೀಸಿಗೆ ನಲವತ್ತು ಸೆಕೆಂಡು ಎಂದರೂ ಗಂಟೆಗೆ 90 ಸಲ, ಊಟದ ಬೆಲ್ಲಿನೊಳಗೆ 315 ಸಲ ಅದೇ ಅಂಚು, ಅದೇ ತಿರುವು. ಖಾಲಿ ಹೊಟ್ಟೆಯಲ್ಲಿ ಇಷ್ಟೊಂದು ನಿಗಾ ಬೇಡುವ ಕೆಲಸ ಮಾಡಿಸಿ ಹನ್ನೊಂದರ ನಂತರ ಆಲ್ಟರ್ ಯಾಕೆ ಹೆಚ್ಚಿತು ಎಂದು ಸೂಪರ್‌ವೈಸರ್ ಬಾಯಿ ಮಾಡುವುದರಲ್ಲಿ ನ್ಯಾಯವಿಲ್ಲ.

ಈಗ ಹಾಳೆಗೆ ಬರುತ್ತೇನೆ. ಪ್ರತಿ ಆಪರೇಷನ್ನಿಗೂ ಹಿಡಿಯಬೇಕಾದ ನಿಮಿಷಗಳ ಲೆಕ್ಕವಾಗಿ ನಿಮ್ಮ ಐಇಗಳು ಎಸ್‌ಎಎಂ ಕಟ್ಟುತ್ತಾರೆ. ಕೆಲಸಕ್ಕೆ ಹಿಡಿಯುವ ನಿವ್ವಳ ಹೊತ್ತು ಮೊದಲು, ಅದರ ಮೇಲೆ ಅಲೋಯನ್ಸ್. ಈ ಅಲೋಯನ್ಸ್ ಯಾರೋ ಕರುಣಾಳು ಆಮೇಲೆ ಸೇರಿಸಿದ್ದಲ್ಲ, ವಿದ್ಯೆಯ ಬುಡದಲ್ಲೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೊರತಂದ, ಐಇ ಓದಿದವರೆಲ್ಲ ಬಲ್ಲ ವರ್ಕ್ ಸ್ಟಡಿ ಪಠ್ಯದ ಕೋಷ್ಟಕದಲ್ಲಿ ಹೆಂಗಸರ ಸ್ವಂತ ಅಗತ್ಯಗಳಿಗೆ ನೂರಕ್ಕೆ 7, ಮೂಲ ದಣಿವಿಗೆ ನೂರಕ್ಕೆ 4 ಎಂದು ಕೊಟ್ಟಿದೆ. ಒಟ್ಟು 11. ಇದನ್ನು 480 ನಿಮಿಷದ ದಿನಕ್ಕೆ ಹಾಕಿದರೆ ಮುಕ್ಕಾಲು ಗಂಟೆಗೂ ಮೇಲಾಗುತ್ತದೆ. ಬಯರ್ ಜೊತೆ ದರ ಮಾತಾಡುವಾಗ ನೀವು ಮುಂದಿಡುವ ಮಿನಿಟ್ಸ್‌ನಲ್ಲಿ ಈ ಮುಕ್ಕಾಲು ಗಂಟೆಯೂ ಸೇರಿಯೇ ಇರುತ್ತದೆ. ಹಾಗಾದರೆ ಅದು ಹೋಗುವುದೆಲ್ಲಿಗೆ? ಪೀಸು ಪೀಸಿನಲ್ಲಿ ಚೂರುಚೂರಾಗಿ ಕರಗುತ್ತದೆ. ನಲವತ್ತು ಸೆಕೆಂಡಿನ ಪೀಸಿನಲ್ಲಿ ನಾಲ್ಕು ಸೆಕೆಂಡು ದಣಿವಾರಿಸಿಕೋ ಎಂದರೆ ಯಾವ ದೇಹಕ್ಕೂ ಅದು ಸಾಧ್ಯವಿಲ್ಲ. ಆ ನಾಲ್ಕು ಸೆಕೆಂಡಿನಲ್ಲಿ ಅವಳು ಇನ್ನೊಂದು ಬಂಡಲ್ ಬಿಚ್ಚಿರುತ್ತಾಳೆ, ಏಕೆಂದರೆ ಲೈನಿನ ತುದಿಯ ಬೋರ್ಡಿನಲ್ಲಿ ಗಂಟೆಗಂಟೆಯ ಅಂಕಿ ಬೀಳುತ್ತಿರುತ್ತದೆ. ಚೂರುಗಳನ್ನು ಒಟ್ಟುಗೂಡಿಸಿ ಒಂದು ಕಡೆ ಕೊಟ್ಟಾಗ ಮಾತ್ರ ದಣಿವಿನ ಅಲೋಯನ್ಸ್ ದಣಿವು ಕಳೆಯುತ್ತದೆ. ನೀರು ಕುಡಿಯಲು, ಶೌಚಕ್ಕೆ ಹೋಗಿಬರಲು ಅದರಲ್ಲೇ ಪಾಲು ಬೇಕೆಂಬುದು ನಿಜ. ಅದನ್ನೆಲ್ಲ ಕಳೆದರೂ ದಣಿವಿನ ಪಾಲಾಗಿ ಹದಿನೈದು ನಿಮಿಷಕ್ಕೂ ಹೆಚ್ಚು ಉಳಿಯುತ್ತದೆ. ನಾನು ಕೇಳುತ್ತಿರುವುದು ಅಷ್ಟನ್ನೇ.

ಹೀಗೆ ಮಾಡಿದರೆ ಉತ್ಪಾದನೆ ಬೀಳುವುದಿಲ್ಲವೇ? ಈ ಪ್ರಶ್ನೆ ನೂರು ವರ್ಷ ಹಳೆಯದು, ಅದಕ್ಕೆ ಸಿಕ್ಕ ಉತ್ತರಗಳೂ ಅಷ್ಟೇ ಹಳೆಯವು. 1927ರಲ್ಲಿ ಅಮೆರಿಕದ ಶಿಕಾಗೋ ಬಳಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ, ಟೆಲಿಫೋನಿನ ರಿಲೇ ಜೋಡಿಸುವ ಐವರು ಯುವತಿಯರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಶುರುವಾಯಿತು. ಐದೈದು ನಿಮಿಷದ ಎರಡು ಬಿಡುವು ಕೊಟ್ಟರು, ಆಮೇಲೆ ಹತ್ತತ್ತು ನಿಮಿಷದ್ದು ಎರಡು. ನಂತರ ದಿನಕ್ಕೆ ಐದೈದು ನಿಮಿಷದ ಆರು ಬಿಡುವು ಕೊಟ್ಟು ನೋಡಿದರು. ಕೆಲಸದ ಓಟ ಕಡಿದುಹೋಗುತ್ತದೆ ಎಂದು ಅವರೇ ದೂರಿದರು, ಉತ್ಪಾದನೆಯೂ ಸ್ವಲ್ಪ ಇಳಿಯಿತು. ಆಗ ಬಂದದ್ದು ಬೆಳಿಗ್ಗೆ ಹದಿನೈದು ನಿಮಿಷ, ಮಧ್ಯಾಹ್ನದ ಮೇಲೆ ಹತ್ತು ನಿಮಿಷ, ಬೆಳಗಿನ ಬಿಡುವಿನಲ್ಲಿ ಕಂಪನಿಯ ಖರ್ಚಿನಲ್ಲಿ ತಿಂಡಿ. ಉತ್ಪಾದನೆ ಮತ್ತೆ ಏರಿತು. ಈ ಪ್ರಯೋಗವನ್ನು ಮುಂದಿಟ್ಟು ಬಿಡುವು ಕೊಟ್ಟರೆ ಉತ್ಪಾದನೆ ಹೆಚ್ಚುತ್ತದೆ ಎಂದು ಘೋಷಿಸುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಇದ್ದವರು ಐದೇ ಜನ, ಅವರಲ್ಲಿ ಇಬ್ಬರನ್ನು ನಡುವೆ ಬದಲಿಸಲಾಯಿತು, ಕೂಲಿ ಲೆಕ್ಕ ಹಾಕುವ ಕ್ರಮವೂ ಬದಲಾಗಿತ್ತು. ಮುಂದೆ ಎಲ್ಲ ಬಿಡುವನ್ನೂ ತೆಗೆದುಹಾಕಿದಾಗಲೂ ಒಟ್ಟು ಉತ್ಪಾದನೆ ಕುಸಿಯಲಿಲ್ಲ. ಹಾಗಾಗಿ ಏರಿಕೆಗೆ ತಿಂಡಿಯೇ ಕಾರಣ ಎನ್ನುವುದಕ್ಕೆ ಈ ಸಾಕ್ಷ್ಯ ಸಾಲದು. ಆದರೆ ನನ್ನ ವಾದಕ್ಕೆ ಅಷ್ಟೊಂದು ಬೇಕಾಗಿಯೂ ಇಲ್ಲ. ಹದಿನೈದು ನಿಮಿಷ ಕೊಟ್ಟಿದ್ದರಿಂದ ಕಂಪನಿ ಏನನ್ನೂ ಕಳೆದುಕೊಳ್ಳಲಿಲ್ಲ ಎಂಬಷ್ಟು ಸಾಕು. ಇನ್ನೊಂದು ಮಾತೂ ಇಲ್ಲಿದೆ: ಬಿಡುವನ್ನು ಚೂರು ಮಾಡಿ ಹಂಚಿದರೆ ಕೆಲಸವೂ ಕೆಡುತ್ತದೆ, ದಣಿವೂ ಆರುವುದಿಲ್ಲ. ಒಮ್ಮೆ ಕೊಟ್ಟರೂ ನೆಟ್ಟಗೆ ಕೊಡಬೇಕು.

ನಿಮ್ಮ ಕಸುಬಿಗೆ ಇನ್ನೂ ಹತ್ತಿರದ್ದು ಡೆನ್ವರ್ ನಗರದ ಲಾಸ್ ವಿಗ್ವಾಮ್ ವೀವರ್ಸ್ ಎಂಬ ಟೈ ನೇಯುವ ಕಾರ್ಖಾನೆಯ ಕತೆ. ಎರಡನೇ ಮಹಾಯುದ್ಧಕ್ಕೆ ಎಳೆಯ ಗಂಡಸರು ಹೊರಟುಹೋದಾಗ ಮಾಲೀಕ ಫಿಲ್ ಗ್ರೈನೆಟ್ಸ್ ಮೊದಲು ವಯಸ್ಸಾದ ಗಂಡಸರನ್ನು, ಆಮೇಲೆ ನಡುವಯಸ್ಸಿನ ಹೆಂಗಸರನ್ನು ಮಗ್ಗಕ್ಕೆ ಕೂರಿಸಿದ. ದಿನವಿಡೀ ಕಸುವು ಉಳಿಯದೆ ಕೆಲಸ ಸಾಗದಾದಾಗ ಎಲ್ಲರನ್ನೂ ಕರೆದು ಏನು ಮಾಡೋಣ ಎಂದು ಕೇಳಿದ. ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಬಿಡುವು, ಜೊತೆಗೆ ಕಾಫಿ, ಟೀ ಎಂದು ಸೂಚಿಸಿದವರು ಆ ಹೆಂಗಸರೇ. ಕೊಟ್ಟ ಮೇಲೆ ಅವರು ಆ ವಯಸ್ಸಾದ ಗಂಡಸರಿಗಿಂತ ಕಡಿಮೆ ಹೊತ್ತಿನಲ್ಲಿ ಅವರಷ್ಟೇ ನೇಯ್ದರು. ಗ್ರೈನೆಟ್ಸ್ ಬಿಡುವನ್ನು ಕಡ್ಡಾಯ ಮಾಡಿದ, ಆದರೆ ಆ ಅರ್ಧ ಗಂಟೆಯ ಸಂಬಳ ಹಿಡಿದುಕೊಂಡ. ಕಾರ್ಮಿಕ ಇಲಾಖೆ ಕೋರ್ಟಿಗೆ ಹೋಯಿತು. 1956ರಲ್ಲಿ ಮೇಲ್ಮನವಿ ನ್ಯಾಯಾಲಯ ಇಲಾಖೆಯ ಪರ ತೀರ್ಪು ಕೊಟ್ಟಿತು: ಬಿಡುವಿನಿಂದ ಕೆಲಸ ಹೆಚ್ಚಿ ಮಾಲೀಕನಿಗೆ ಲಾಭವಾಗುತ್ತಿರುವಾಗ ಆ ಹೊತ್ತು ಕೆಲಸದ ಹೊತ್ತೇ, ಅದಕ್ಕೆ ಕೂಲಿ ಕೊಡಲೇಬೇಕು. ಬ್ರೇಕ್ ಕೊಡುತ್ತೇವೆ, ಸಂಜೆ ಹದಿನೈದು ನಿಮಿಷ ಹೆಚ್ಚು ಕೂರಿಸುತ್ತೇವೆ ಎನ್ನುವವರು ಈ ತೀರ್ಪಿನ ಹಿಂದಿನ ತರ್ಕವನ್ನು ಗಮನಿಸಬೇಕು. ಅಮೆರಿಕದ ಕಾನೂನು ನಮಗೆ ಅನ್ವಯಿಸದು, ಆದರೆ ಅದರ ತರ್ಕ ಯಾವ ದೇಶದ ಲೈನಿಗೂ ಸಲ್ಲುತ್ತದೆ.

ಇವೆಲ್ಲ ಹೊರದೇಶದ ಹಳೆಯ ಕತೆ ಎಂದರೆ ಹತ್ತಿರದವೂ ಇವೆ. ಚೆನ್ನೈನ ಸೈಕಲ್ ರಿಕ್ಷಾ ತುಳಿಯುವವರಿಗೆ ಐದು ವಾರ ದಿನಕ್ಕೆ 700 ಕ್ಯಾಲೊರಿಯಷ್ಟು ಹೆಚ್ಚುವರಿ ಆಹಾರ ಕೊಟ್ಟು ಅರ್ಥಶಾಸ್ತ್ರಜ್ಞೆ ಹೆದರ್ ಸ್ಕೋಫೀಲ್ಡ್ ನಡೆಸಿದ ಅಧ್ಯಯನದಲ್ಲಿ ಅವರ ದುಡಿಮೆಯೂ ಗಳಿಕೆಯೂ ನೂರಕ್ಕೆ ಸುಮಾರು ಹತ್ತರಷ್ಟು ಹೆಚ್ಚಿದವು. ರಿಕ್ಷಾ ಮೈಕಸುವಿನ ಕೆಲಸ, ಹೊಲಿಗೆ ಕಣ್ಣು ಕೈಗಳ ಕೆಲಸ, ಆದ್ದರಿಂದ ಆ ಹತ್ತನ್ನು ಹಾಗೇ ತಂದು ಲೈನಿಗೆ ಅಂಟಿಸಬಾರದು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಮಾಡಿದ ಅಧ್ಯಯನ ಇನ್ನೊಂದು. ಹೊಲಿಗೆ ಫ್ಲೋರಿನ ಫ್ಲೋರೊಸೆಂಟ್ ದೀಪಗಳನ್ನು ಎಲ್‌ಇಡಿಗೆ ಬದಲಿಸಿದ್ದು ಕರೆಂಟ್ ಉಳಿಸಲೆಂದು. ಎಲ್‌ಇಡಿ ಕಡಿಮೆ ಕಾವು ಹೊಮ್ಮಿಸುವುದರಿಂದ ಸೆಕೆ ತಗ್ಗಿ, ಬಿಸಿಲಿನ ದಿನಗಳಲ್ಲಿ ಉತ್ಪಾದನೆಯೂ ಸುಧಾರಿಸಿದ್ದು ಕಂಡುಬಂತು. ದೇಹಕ್ಕೆ ಸಿಗುವ ಸಣ್ಣ ನೆಮ್ಮದಿಯೂ ನಿಮ್ಮ ಬೋರ್ಡಿನ ಅಂಕಿಯಲ್ಲಿ ಕಾಣಿಸುತ್ತದೆ ಎನ್ನಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನಷ್ಟದ ಲೆಕ್ಕವನ್ನೇ ಹಾಕಿ ನೋಡೋಣ. ಗಂಟೆಗೆ 80 ಪೀಸು ಬರುವ ಲೈನು ಎಂಟು ಗಂಟೆಗೆ 640 ಕೊಡುತ್ತದೆ. ಹದಿನೈದು ನಿಮಿಷ ತೆಗೆದ ಮೇಲೂ ಅದೇ 640 ಬರಬೇಕಾದರೆ ಗಂಟೆಗೆ ಸುಮಾರು ಎರಡೂವರೆ ಪೀಸು ಹೆಚ್ಚು ಬಂದರೆ ಸಾಕು. ಈಗಾಗಲೇ ಹತ್ತು ನಿಮಿಷದ ಟೀ ಬ್ರೇಕ್ ಇರುವಲ್ಲಿ ಹೊಸದಾಗಿ ಹೋಗುವುದು ಐದೇ ನಿಮಿಷ, ಒಂದು ಪೀಸೂ ಪೂರ್ತಿ ಹೆಚ್ಚಿಸಬೇಕಿಲ್ಲ. ಆಲ್ಟರ್ ಆಗಿ ಬಂದ ಪೀಸನ್ನು ಬಿಚ್ಚಿ ಮತ್ತೆ ಹೊಲಿಯಲು ಮೊದಲ ಸಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದನ್ನು ನೆನೆದರೆ, ಬೆಳಗಿನ ಕೊನೆಯ ಒಂದೂವರೆ ಗಂಟೆಯಲ್ಲಿ ಕೆಲವು ಆಲ್ಟರ್ ತಪ್ಪಿದರೂ ಲೆಕ್ಕ ಸರಿಹೋಗುತ್ತದೆ. ಮಾರ್ಜಿನ್ ತೆಳುವಾಗಿದೆ, ಬಯರುಗಳು ಆರ್ಡರನ್ನು ಬಾಂಗ್ಲಾದೇಶಕ್ಕೋ ವಿಯೆಟ್ನಾಂಗೋ ಒಯ್ಯುತ್ತಾರೆ ಎಂಬ ನಿಮ್ಮ ಭಯ ಸುಳ್ಳಲ್ಲ. ಆದರೆ ಬಯರ್ ಆರ್ಡರ್ ಕಿತ್ತುಕೊಳ್ಳುವುದು ದರಕ್ಕೆ, ಡೆಲಿವರಿಗೆ, ಕ್ವಾಲಿಟಿಗೆ. ಒಂದು ಹಿಡಿ ಉಸಲಿಯ ಖರ್ಚು ಒಂದು ಅಂಗಿಯ ಮೇಲೆ ಎಷ್ಟು ಬೀಳುತ್ತದೆ ಎಂದು ನಿಮ್ಮ ಕಾಸ್ಟಿಂಗ್‌ನವರನ್ನೇ ಕೇಳಿ. ಗುಂಡಿಯ ದರದಲ್ಲಿ ಚೌಕಾಸಿ ಮಾಡುವ ಪೈಸೆಗಳಷ್ಟೂ ಅದು ಆಗಲಾರದು.

ತಿನ್ನುವುದು ಏನು ಎಂಬುದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಬರಿಯ ಟೀ ಕೊಟ್ಟು ಕರ್ತವ್ಯ ಮುಗಿಯಿತು ಎನ್ನುವ ಕಡೆ ತೊಂದರೆ ಇನ್ನೊಂದು ಬಗೆಯದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಹತ್ತಿರಹತ್ತಿರ 48 ಮಂದಿಗೆ ರಕ್ತಹೀನತೆ. ನಿಮ್ಮ ಲೈನಿನಲ್ಲಿ ಕೂತವರ ವಯಸ್ಸೂ ಅದೇ. ರಕ್ತ ಕಡಿಮೆಯಾದವರಿಗೆ ಸುಸ್ತು, ತಲೆಸುತ್ತು, ಗಮನ ಚೆದುರುವುದು ದಿನದ ಪಾಡು. ಚಹಾದಲ್ಲಿರುವ ಒಗರಿನ ಅಂಶ ಊಟದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಹಸಿದ ಹೊಟ್ಟೆಗೆ ಸಕ್ಕರೆ ಹಾಕಿದ ಟೀ ಮಾತ್ರ ಬಿದ್ದರೆ ಸ್ವಲ್ಪ ಹೊತ್ತಿನ ಚುರುಕು ಬರುತ್ತದೆ, ಅಷ್ಟೆ. ಅದಕ್ಕೆ ನಮ್ಮಲ್ಲಿ ಅಗ್ಗದ, ಎಲ್ಲರಿಗೂ ಒಗ್ಗುವ ತಿನಿಸುಗಳಿಗೇನು ಬರವಿಲ್ಲ. ಕಡಲೆಕಾಳಿನದೋ ಹೆಸರುಕಾಳಿನದೋ ಉಸಲಿಗೆ ನಿಂಬೆರಸ ಹಿಂಡಿ ಕೊಡಬಹುದು, ನಿಂಬೆ ಕಾಳಿನ ಕಬ್ಬಿಣ ಮೈಗೆ ಸೇರಲು ನೆರವಾಗುತ್ತದೆ. ಒಂದು ದಿನ ರಾಗಿ ಗಂಜಿ, ಒಂದು ದಿನ ಕಡಲೆಬೀಜದ ಚಿಕ್ಕಿ, ಒಂದು ದಿನ ಬಾಳೆಹಣ್ಣು. ಟೀ ಬೇಕೆನ್ನುವವರಿಗೆ ಟೀ ಇರಲಿ, ನಾಲ್ಕು ಗಂಟೆಗೆ ಇದ್ದರೆ ಇನ್ನೂ ಒಳ್ಳೆಯದು. ಬಿಳಿ ಬಟ್ಟೆ ಓಡುತ್ತಿರುವಾಗ ಎಣ್ಣೆ ಕೈಯಿಂದ ಕಲೆಯಾದರೆ ಇಡೀ ಪೀಸು ರಿಜೆಕ್ಟ್ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ಎಣ್ಣೆಯಲ್ಲಿ ಕರಿದದ್ದು ಬೇಡ, ಮೆಷಿನ್ನಿನ ಮುಂದೆ ತಿನ್ನುವುದೂ ಬೇಡ. ಫ್ಲೋರಿನ ಹೊರಗೆ ತಿಂದು, ಕೈ ತೊಳೆದು ಬರಲು ಹತ್ತು ನಿಮಿಷ ಸಾಲದೆಂದೇ ನಾನು ಹದಿನೈದು ಕೇಳುತ್ತಿರುವುದು.

ಕೊಡುವ ಬಗೆಯೂ ಅಷ್ಟೇ ಮುಖ್ಯ. ಮುನ್ನೂರು ಜನರ ಫ್ಲೋರಿಗೆ ಒಂದೇ ಒಂದು ಸ್ಟೀಲ್ ಡ್ರಮ್ಮು, ಅದಕ್ಕೊಂದು ನಲ್ಲಿ ಇಟ್ಟಿದ್ದೀರಿ ಎಂದುಕೊಳ್ಳಿ. ಲೋಟಕ್ಕೆ ಹತ್ತು ಸೆಕೆಂಡು ಹಿಡಿದರೂ ಕೊನೆಯವಳ ಕೈಗೆ ಟೀ ಬರುವಾಗ ಐವತ್ತು ನಿಮಿಷವಾಗಿರುತ್ತದೆ. ಹತ್ತು ನಿಮಿಷದ ಬ್ರೇಕಿನಲ್ಲಿ ಕುಡಿದವರು ಅರವತ್ತು ಜನ, ಉಳಿದ 240 ಮಂದಿ ಕ್ಯೂ ನೋಡಿ ವಾಪಸ್ಸು ಹೋಗಿ ಕೂತಿರುತ್ತಾರೆ. ರಿಜಿಸ್ಟರಿನಲ್ಲಿ ಮಾತ್ರ ಬ್ರೇಕ್ ಕೊಟ್ಟಿದ್ದಾಗಿದೆ. ನಲವತ್ತು ಜನರ ಒಂದೊಂದು ಲೈನಿಗೆ ಒಂದೊಂದು ಕ್ಯಾನು ಇಟ್ಟರೆ ಏಳು ನಿಮಿಷದೊಳಗೆ ಎಲ್ಲರಿಗೂ ಮುಟ್ಟುತ್ತದೆ. ಸರದಿಯ ಮೇಲೆ ಕೆಲವರನ್ನು ಮಾತ್ರ ಬಿಟ್ಟು ಲೈನು ಓಡಿಸುತ್ತಿರುವುದು ಇನ್ನೂ ಕೆಟ್ಟ ಉಪಾಯ. ಎದ್ದುಹೋದವಳ ಮುಂದೆ ಬಂಡಲ್ ಗುಡ್ಡೆ ಬೀಳುತ್ತದೆ, ಅವಳ ಮುಂದಿನವಳು ಪೀಸಿಲ್ಲದೆ ಕೂರುತ್ತಾಳೆ, ವಾಪಸ್ಸು ಬಂದವಳ ಎದೆಯಲ್ಲಿ ಗುಡ್ಡೆಯ ಭಯ. ಹಾಗಾಗಿ ಅವಳು ಏಳುವುದನ್ನೇ ಬಿಡುತ್ತಾಳೆ. ಶೌಚಕ್ಕೆ ಹೋಗುವುದು ತಪ್ಪಲಿ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ, ಅದರಿಂದ ಉರಿಮೂತ್ರದ ತೊಂದರೆಗೆ ಸಿಲುಕುವ ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ಹೇಳುತ್ತ ಬಂದಿವೆ. ಎಲ್ಲರೂ ಒಟ್ಟಿಗೆ ಎದ್ದಾಗ ಮಾತ್ರ ಒಬ್ಬಳು ಏಳುವುದು ತಪ್ಪೆನಿಸುವುದಿಲ್ಲ.

ಕಾನೂನಿನಲ್ಲಿ ಇದಿಲ್ಲವಲ್ಲ ಎಂದು ನೀವು ಹೇಳಬಹುದು. ನಿಜ. ದಶಕಗಳ ಕಾಲ ಕಾರ್ಖಾನೆಗಳ ಹೊತ್ತನ್ನು ಗೊತ್ತುಮಾಡಿದ 1948ರ ಕಾಯ್ದೆಯ 55ನೇ ಕಲಂ ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವಿರಬೇಕು ಎಂದಿತು. 250ಕ್ಕಿಂತ ಹೆಚ್ಚು ಜನರಿದ್ದಲ್ಲಿ ಕ್ಯಾಂಟೀನ್ ಇರಬೇಕೆಂದು 46ನೇ ಕಲಂ ಹೇಳಿತು. ಹತ್ತೂವರೆಯ ತಿಂಡಿಯ ಮಾತು ಅದರಲ್ಲಿಲ್ಲ. 2023ರ ಕರ್ನಾಟಕದ ತಿದ್ದುಪಡಿಯಂತೂ ಆ ಐದು ಗಂಟೆಯನ್ನು ಆರಕ್ಕೆ ಎಳೆಯಲು ಅವಕಾಶ ಮಾಡಿಕೊಟ್ಟಿತು. ಆ ತಿದ್ದುಪಡಿ ತಪ್ಪು ದಿಕ್ಕಿನದೆಂದು ನಾನು ನಂಬಿದ್ದೇನೆ. ಅದೇನೇ ಇರಲಿ, ಕಾನೂನು ಹೇಳುವುದು ಇದಕ್ಕಿಂತ ಕೆಳಗೆ ಇಳಿಯಬೇಡಿ ಎಂದಷ್ಟೇ. ನಾಟಿ ಹಾಕುವ ದಿನ ಹತ್ತು ಹನ್ನೊಂದರ ಹೊತ್ತಿಗೆ ಗದ್ದೆ ಬದುವಿಗೆ ಕಾಫಿ ತಿಂಡಿ ಹೊತ್ತು ತರಬೇಕೆಂದು ಮಂಡ್ಯದ ರೈತನಿಗೆ ಯಾವ ಕಲಮೂ ಹೇಳಿಲ್ಲ. ಆಳುಗಳು ಬಗ್ಗಿ ನಿಂತು ಪೈರು ನೆಡುವವರು, ಹೊಟ್ಟೆ ಚುರುಗುಟ್ಟಿದರೆ ಸಾಲು ಸೊಟ್ಟಗಾಗುತ್ತದೆ ಎಂಬ ಅನುಭವವೇ ಅವನಿಗೆ ಸಾಕು. ಇಂದು ನಿಮ್ಮ ಲೈನಿನಲ್ಲಿ ಕೂತವರಲ್ಲಿ ಎಷ್ಟೋ ಮಂದಿ ಆ ಗದ್ದೆಗಳಿಂದಲೇ ಬಂದವರು. ಅವರ ಮಕ್ಕಳನ್ನೂ ನೋಡಿ. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಬೆಳಗಿನ ಹೊತ್ತು 150 ಮಿಲಿ ಬಿಸಿ ಹಾಲು ಸಿಗುತ್ತಿದೆ, 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಕೂಡಿತು. ಬಿಸಿಯೂಟ ಹೇಗೂ ಇದೆ, ಬೆಳಗ್ಗೆ ಯಾಕೆ ಎಂದು ಯಾರೂ ಕೇಳಲಿಲ್ಲ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬುದನ್ನು ಒಪ್ಪಿದ ನಾಡು, ಅದೇ ಮಗುವಿನ ತಾಯಿಗೆ ಕಾಲರ್ ಕೂರಿಸಲು ಹೊಟ್ಟೆ ತುಂಬಿರಬೇಕಿಲ್ಲ ಎನ್ನಲಾಗದು.

ಕಾರ್ಮಿಕರ ಕಡೆಯಿಂದಲೂ ಒಂದು ಆಕ್ಷೇಪ ಬರಬಹುದು: ಕೇಳಬೇಕಾದದ್ದು ಕೂಲಿ ಏರಿಕೆಯನ್ನು, ನೀವು ಉಸಲಿ ಕೇಳುತ್ತಿದ್ದೀರಿ, ಮುಂದಿನ ಕೂಲಿ ಮಾತುಕತೆಯಲ್ಲಿ ಮಾಲೀಕರು ಇದನ್ನೇ ತೋರಿಸುತ್ತಾರೆ ಎಂದು. ಈ ಸಂಶಯಕ್ಕೆ ಕಾರಣಗಳಿವೆ, ಅದನ್ನು ತಳ್ಳಿಹಾಕಲಾರೆ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ. ಈ ಬಿಡುವು, ಈ ತಿಂಡಿ ಕೂಲಿಯ ಬದಲಿಗೆ ಕೊಡುವ ವಸ್ತುವಲ್ಲ. ಸಂಬಳದ ಸ್ಲಿಪ್ಪಿನಲ್ಲಿ ಅದರ ಹೆಸರಿನಲ್ಲಿ ಒಂದು ರೂಪಾಯಿಯೂ ಕಡಿತವಾಗಬಾರದು, ಕನಿಷ್ಠ ಕೂಲಿಯ ಲೆಕ್ಕದಲ್ಲಿ ಅದನ್ನು ಸೌಲಭ್ಯವೆಂದು ತೋರಿಸಬಾರದು. ಮೆಷಿನ್ನಿಗೆ ಎಣ್ಣೆ ಹಾಕಿದ ಖರ್ಚನ್ನು ಯಾರ ಸಂಬಳದಲ್ಲೂ ನೀವು ಹಿಡಿಯುವುದಿಲ್ಲ, ಇದೂ ಹಾಗೆಯೇ.

ನನ್ನ ಮಾತನ್ನು ನಂಬಿ ಎಂದು ನಾನು ಹೇಳುತ್ತಿಲ್ಲ. ಬೇರೆ ಉದ್ಯಮಗಳಲ್ಲಿ ಸಿಗದ ಒಂದು ಅನುಕೂಲ ನಿಮಗಿದೆ: ಗಂಟೆ ಗಂಟೆಯ ಪ್ರೊಡಕ್ಷನ್, ಗಂಟೆ ಗಂಟೆಯ ಆಲ್ಟರ್, ಲೈನುವಾರು ಗೈರುಹಾಜರಿ, ಎಲ್ಲವೂ ಬರೆದಿಟ್ಟಿದೆ. ಒಂದೇ ಸ್ಟೈಲ್ ಓಡುತ್ತಿರುವ ಎರಡು ಲೈನು ಆರಿಸಿ. ಒಂದರಲ್ಲಿ ಆರು ವಾರ ಹತ್ತೂವರೆಗೆ ಹದಿನೈದು ನಿಮಿಷ ನಿಲ್ಲಿಸಿ, ತಿಂಡಿ ಕೊಡಿ, ಇನ್ನೊಂದು ಈಗಿದ್ದ ಹಾಗೇ ಇರಲಿ. ಮೊದಲ ವಾರದ ಅಂಕಿ ಬಿಟ್ಟುಬಿಡಿ, ಹೊಸತನದ ಉತ್ಸಾಹ ಅದರಲ್ಲಿ ಬೆರೆತಿರುತ್ತದೆ. ಉಳಿದ ಐದು ವಾರಗಳಲ್ಲಿ ಹನ್ನೊಂದರಿಂದ ಹನ್ನೆರಡೂವರೆಯವರೆಗಿನ ಅಂಕಿಯನ್ನೂ ಆಲ್ಟರನ್ನೂ ಎರಡು ಲೈನಿನಲ್ಲೂ ಹೋಲಿಸಿ. ಆಮೇಲೆ ಎರಡು ಲೈನುಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ನೋಡಿ, ಒಳ್ಳೆಯ ಟೈಲರುಗಳು ಒಂದೇ ಲೈನಿನಲ್ಲಿದ್ದರು ಎಂಬ ಅನುಮಾನವೂ ಹೋಗಲಿ. ಸಿಕ್ಕ ಅಂಕಿಗಳನ್ನು ಲೈನಿನವರಿಗೂ ತೋರಿಸಿ, ಅವು ಅವರ ಕೈಯಿಂದಲೇ ಬಂದವು. ನಲವತ್ತು ಐವತ್ತು ಮೆಷಿನ್ನಿನ ಸಣ್ಣ ಯೂನಿಟ್ಟುಗಳಿಗೆ ಕ್ಯಾಂಟೀನ್ ಇರುವುದಿಲ್ಲ, ಆದರೆ ಪಕ್ಕದ ಬೀದಿಯಲ್ಲಿ ಬೆಳಗಿನ ಹೊತ್ತು ಉಸಲಿ ಬೇಯಿಸಿ ಕೊಡಬಲ್ಲ ಮಹಿಳಾ ಸ್ವಸಹಾಯ ಸಂಘವೋ ಒಂದು ಮೆಸ್ಸೋ ಇದ್ದೇ ಇರುತ್ತದೆ. ಕೈ ತೊಳೆಯಲು ನಾಲ್ಕು ನಲ್ಲಿ, ಕೂರಲು ಒಂದಿಷ್ಟು ಬೆಂಚು, ಗೋಡೆಗೊಂದು ಬೆಲ್ಲು ಇದ್ದರೆ ಬರುವ ಸೋಮವಾರವೇ ಶುರು ಮಾಡಬಹುದು.

ವಿಶ್ವಾಸಗಳೊಂದಿಗೆ,
ನಿಮ್ಮ ಕಾರ್ಖಾನೆಗಳ ಒಳಿತನ್ನೂ ಅಲ್ಲಿ ಹೊಲಿಯುವವರ ಒಳಿತನ್ನೂ ಒಂದೇ ಎಂದು ತಿಳಿದ ಒಬ್ಬ ನಾಗರಿಕ